ಪಿಕಪ್ಪಿಗೆ ಕೊಟ್ಟ ದುಡ್ಡು

ನಮ್ಮ ಬಳಗದ ಕೂಟಕ್ಕೆ ಬರುವ ಹುಡುಗರಲ್ಲಿ ಅರ್ಧಕ್ಕರ್ಧ ಬೈಕಿನವರು. ಒಳಗೆ ಓದುತ್ತಿರುವ ಕವಿತೆ ಹಿಂದಿನ ಬೆಂಚಿಗೆ ಕೇಳಿಸದಿದ್ದರೂ ಹೊರಗೆ ಯಾರು ಬಂದರು, ಯಾರು ಎದ್ದು ಹೋದರು ಅನ್ನೋದು ಸೈಲೆನ್ಸರಿನ ಸದ್ದಿನಿಂದಲೇ ಗೊತ್ತಾಗುತ್ತದೆ. ನವ್ಯ, ಬಂಡಾಯ ಅಂತ ಈ ಪುಟಗಳಲ್ಲಿ ಬೇಕಾದಷ್ಟು ಚರ್ಚೆ ಆಗಿದೆ. ಈ ಸಲ ಸಂಪಾದಕರು ಕ್ಷಮಿಸಬೇಕು, ನಾನು ಗಾಡಿಯ ವಿಷಯ ಬರೆಯುತ್ತೇನೆ. ಮನೆಯಿಂದ ಬಂದ ದುಡ್ಡನ್ನು ನಮ್ಮಲ್ಲಿ ಬಹಳ ಮಂದಿ ಅದಕ್ಕೆ ಸುರಿಯುತ್ತಿದ್ದಾರೆ. ನಾನೂ ಸುರಿದವನೇ.

ಮೊದಲು ಲೆಕ್ಕ. ಹೋದ ವರ್ಷ ಸೆಕೆಂಡ್ ಹ್ಯಾಂಡ್ ಪಲ್ಸರ್ 150 ಕೊಂಡೆ, ಕಾರ್ಬ್ಯುರೇಟರ್ ಇರುವ ಹಳೆಯ ಮಾದರಿ. ತಿಂಗಳು ತುಂಬುವ ಮೊದಲೇ ನಾನಾ ಪೇಟೆಯ ದಾರಿ ಹಿಡಿದಿದ್ದೆ. (ಪುಣೆಗೆ ಹೊಸಬರಾದವರಿಗೆ ಹೇಳುತ್ತೇನೆ, ಗಾಡಿಯ ಬಿಡಿಭಾಗಗಳಿಗೆ ಎಲ್ಲರೂ ಹೋಗುವ ಪೇಟೆ ಅದು.) ಫ್ರೀ ಫ್ಲೋ ಸೈಲೆನ್ಸರಿಗೆ 3,500, ತೊಳೆದು ಮತ್ತೆ ಹಾಕುವಂಥ ಏರ್ ಫಿಲ್ಟರಿಗೆ 3,200, ಎರಡು ಇರಿಡಿಯಂ ಪ್ಲಗ್ಗಿಗೆ 1,600, ಜೆಟ್ ಬದಲಿಸಿ ಟ್ಯೂನಿಂಗ್ ಮಾಡಿದ್ದಕ್ಕೆ 1,200. ಒಟ್ಟು 9,500 ರೂಪಾಯಿ.

ನಮ್ಮಪ್ಪ ಸಿಂದಗಿ ಹತ್ತಿರ ತೊಗರಿ ಬೆಳೆಯುತ್ತಾನೆ. 2024-25ಕ್ಕೆ ಸರ್ಕಾರ ಗೊತ್ತುಮಾಡಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 7,550. ಅಂದರೆ ಒಂದೂಕಾಲು ಕ್ವಿಂಟಲ್ ತೊಗರಿ ನನ್ನ ಗಾಡಿಯ ಹಿಂದೆ ಹೊಗೆಯಾಗಿ ಹೋಯಿತು. ಪುಸ್ತಕಕ್ಕೆ ಬೇಕು ಅಂತ ಫೋನಿನಲ್ಲಿ ಸುಳ್ಳು ಹೇಳಿದ್ದೆ. "ತಗೋ ತಮ್ಮಾ, ಪುಸ್ತಕಕ್ಕ ಹಿಂದಮುಂದ ನೋಡಬ್ಯಾಡ" ಅಂದಿದ್ದ ಅಪ್ಪ.

ಸಿಕ್ಕಿದ್ದೇನು? ಸದ್ದು. ಆ ಮೊದಲ ಸಂಜೆ ಫರ್ಗ್ಯುಸನ್ ರಸ್ತೆಯಲ್ಲಿ ಎರಡು ಸಲ ಸುತ್ತಿದೆ. ಸುಖವಾಗಲಿಲ್ಲ ಅಂದರೆ ಅದು ಇನ್ನೊಂದು ಸುಳ್ಳು. ಮರಾಠಿಯಲ್ಲಿ ಎರಡು ವಾಕ್ಯ ಆಡುವುದರೊಳಗೆ ಬೆವರುವ ಹುಡುಗ, ಆಕ್ಸಿಲರೇಟರ್ ತಿರುವಿದರೆ ಸಾಕು, ನಾಲ್ಕು ಜನ ತಿರುಗಿ ನೋಡುತ್ತಾರೆ! ನಾವು ಪಿಕಪ್ ಅಂತ ಹೇಳಿಕೊಂಡು ಕೊಳ್ಳುವುದು ಇದನ್ನೇ ಅಂತ ನನ್ನ ಅನುಮಾನ.

ಪಿಕಪ್ಪಿನ ಮಾತನ್ನೂ ನೋಡೋಣ. ಪಲ್ಸರ್ 150ರ ಇಂಜಿನ್ನಿಗೆ ಸುಮಾರು 14 ಅಶ್ವಶಕ್ತಿ. ಈ ಎಲ್ಲ ಸಾಮಾನು ಸೇರಿ ಇನ್ನೊಂದು ಅಶ್ವಶಕ್ತಿ ತಂದುಕೊಟ್ಟಿತು ಅಂತಲೇ ಇಟ್ಟುಕೊಳ್ಳಿ, ಉದಾರವಾಗಿಯೇ ಕೊಡೋಣ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅದನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ಘನದಂತೆ ಏರುತ್ತದೆ. ಮೊದಲು ಗಂಟೆಗೆ 110 ಕಿಲೋಮೀಟರ್ ಓಡುತ್ತಿದ್ದ ಗಾಡಿ ಈಗ 112 ಚಿಲ್ಲರೆ ಓಡಬಹುದು. ಇನ್ನು ಹಿಂದೆ ಅರವತ್ತು ಕಿಲೋ ತೂಕದ ಗೆಳೆಯ ಕೂತನೋ, ಹೊಸದಾಗಿ ಬಂದ ಆ ಒಂದು ಕುದುರೆಯ ಸುದ್ದಿ ಇಲ್ಲ, ಮೊದಲು ಒಬ್ಬನೇ ಹೋಗುವಾಗಿನ ಪಿಕಪ್ಪೂ ಇಲ್ಲ. ನನ್ನ ಗಾಡಿಗಂತೂ ಮೈಲೇಜು ಲೀಟರಿಗೆ 45 ಇದ್ದದ್ದು 38ಕ್ಕೆ ಇಳಿಯಿತು.

ಹಾಗಾದರೆ ಸೈಲೆನ್ಸರ್ ಬದಲಿಸಿದರೆ ಗಾಡಿ ಹಾರುತ್ತದೆ ಅನ್ನೋ ನಂಬಿಕೆ ಎಲ್ಲಿಂದ ಬಂತು? ನಮ್ಮ ಚಿಕ್ಕಪ್ಪ, ಸೋದರಮಾವಂದಿರ ಕಾಲದಿಂದ. ಅವರದು ಟೂ ಸ್ಟ್ರೋಕ್ ಕಾಲ. ಮೈಸೂರಿನ ಕಾರ್ಖಾನೆಯಿಂದ ಬರುತ್ತಿದ್ದ ಯೆಜ್ಡಿ, 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100. ಎರಡೂ 1996ರ ಹೊತ್ತಿಗೆ ನಿಂತುಹೋದವು. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಹೊಗೆಯ ಜೊತೆ ಒಂದಿಷ್ಟು ಹೊಸ ಪೆಟ್ರೋಲೂ ಆಚೆ ಜಾರುತ್ತದೆ. ಸೈಲೆನ್ಸರಿನೊಳಗೆ ಹೋದ ಒತ್ತಡದ ಅಲೆ ತಿರುಗಿ ಬಂದು ಆ ಪೆಟ್ರೋಲನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಆ ಕೊಳವೆಯ ಹೊಟ್ಟೆ ಎಷ್ಟು ದಪ್ಪ, ಬಾಲ ಎಷ್ಟು ಸಣ್ಣ ಅನ್ನುವುದರ ಮೇಲೆ ಶಕ್ತಿ ನಿಜಕ್ಕೂ ಬದಲಾಗುತ್ತಿತ್ತು. ನಮ್ಮದು ಫೋರ್ ಸ್ಟ್ರೋಕ್. ಇಲ್ಲಿ ಬಾಗಿಲು ಕಾಯುವ ಕೆಲಸ ವಾಲ್ವುಗಳದ್ದು, ಸೈಲೆನ್ಸರಿನ ಪಾಲು ಸಣ್ಣದು. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲಿನ ಗಾಡಿಗಳಲ್ಲಿ ಪೆಟ್ರೋಲಿನ ಅಳತೆಯನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಅದಕ್ಕೆ ಹೇಳದೆ ಸೈಲೆನ್ಸರ್ ಒಂದನ್ನೇ ಬದಲಿಸಿದರೆ ಲಾಭ ಇನ್ನೂ ಕಡಿಮೆ. ಚಿಕ್ಕಪ್ಪನ ಅನುಭವ ಸುಳ್ಳಲ್ಲ, ಅದು ನಮ್ಮ ಗಾಡಿಗೆ ಹೊಂದುವುದಿಲ್ಲ, ಅಷ್ಟೇ.

ನಗು ಬರಿಸುವ ಸಂಗತಿ ಇನ್ನೊಂದಿದೆ. ಇದೇ ಊರಿನ ವೇತಾಳ ಗುಡ್ಡದ ಮೇಲೆ 1966ರಲ್ಲಿ ಸ್ಥಾಪನೆಯಾದ ಎಆರ್‌ಎಐ ಎಂಬ ಸಂಸ್ಥೆ ಇದೆ. ಹೊಸ ಮಾದರಿಯ ಗಾಡಿಗಳ ಹೊಗೆ ಎಷ್ಟು, ಸದ್ದು ಎಷ್ಟು ಎಂದು ಅಳೆದು ಪ್ರಮಾಣಪತ್ರ ಕೊಡುವುದು ಅದರ ಕೆಲಸಗಳಲ್ಲೊಂದು. ಆಕುರ್ಡಿಯಲ್ಲಿ ಬಜಾಜ್ ಕಂಪನಿ. ಅಲ್ಲಿನ ಇಂಜಿನಿಯರುಗಳು ಸದ್ದು, ಹೊಗೆ, ಮೈಲೇಜು, ಬಾಳಿಕೆ ಇಷ್ಟನ್ನೂ ತೂಗಿ ಎಲ್ಲೋ ಒಂದು ಕಡೆ ಕೈ ಬಿಗಿಹಿಡಿದಿರುತ್ತಾರೆ. ಒಂದಿಷ್ಟು ಶಕ್ತಿಯನ್ನು ಬೇಕಂತಲೇ ಬಿಟ್ಟಿರುತ್ತಾರೆ, ಒಪ್ಪುತ್ತೇನೆ. ರೇಸಿಗೆ ಇಳಿಯುವವನು ಅದನ್ನು ಯಂತ್ರಕ್ಕೆ ಕಟ್ಟಿ ಅಳೆದು ಹೊರತೆಗೆಯಲಿ, ಅವನಿಗೆ ಅದು ದಂಡವಲ್ಲ. ನಾವು ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಹೋಗುವವರು.

ಕಾನೂನಿನ ಮಾತು ಚುಟುಕಾಗಿ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬಂತು. ಪುಣೆಯ ಪೊಲೀಸರು ಕಿತ್ತುಕೊಂಡ ಸೈಲೆನ್ಸರುಗಳನ್ನು ರೋಡ್ ರೋಲರಿನ ಕೆಳಗೆ ಹಾಕಿದ್ದೂ ಉಂಟು. ಆದರೆ ಪೊಲೀಸರ ಭಯದಿಂದ ನಾನು ಇದನ್ನು ಬರೆಯುತ್ತಿಲ್ಲ.

ಸೆಪ್ಟೆಂಬರ್ ಕೊನೆಯ ಒಂದು ಸಂಜೆ, ಸಣ್ಣ ಮಳೆ, ಹಳೆಯ ಕಾತ್ರಜ್ ಘಾಟು ಇಳಿಯುತ್ತಿದ್ದೆವು. ಹಿಂದೆ ನನ್ನ ರೂಮಿನವ, ಜಮಖಂಡಿಯವನು. ಮುಂದಿನ ಟೆಂಪೋ ಗಕ್ಕನೆ ನಿಂತಿತು. ನಾನೂ ಬ್ರೇಕ್ ಒತ್ತಿದೆ. ಗಂಟೆಗೆ 60ರಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ, ನಾನು ಗಾಬರಿಯಾಗುವುದರಲ್ಲೇ ಅಷ್ಟು ಮುಗಿದಿತ್ತು. ಉಳಿದ ನೆಲವನ್ನು ಟೈರು ಹಿಡಿಯಬೇಕಿತ್ತು. ಹಿಂದಿನ ಟೈರು ಬೋಳು. 9,500 ಸುರಿದವನಿಗೆ 2,400ರ ಟೈರು ಮುಂದಿನ ತಿಂಗಳಾಗಿತ್ತು. ಗಾಡಿ ಅಡ್ಡಡ್ಡ ಜಾರಿತು. ನನಗೆ ತರಚು ಗಾಯ. ಅವನಿಗೆ ಬಲಗಡೆ ಕಾಲರ್ ಬೋನ್ ಮುರಿಯಿತು, ಆ ಸೆಮಿಸ್ಟರಿನ ಎರಡು ಪೇಪರು ಬರೆಯಲಾಗಲಿಲ್ಲ. ಅವನ ತಲೆಯ ಮೇಲೆ ಹೆಲ್ಮೆಟ್ಟೂ ಇರಲಿಲ್ಲ, ತಲೆಗೆ ಪೆಟ್ಟಾಗದೆ ಉಳಿದದ್ದು ಅವನ ಪುಣ್ಯ. ಇದು ಹೆಲ್ಮೆಟ್ ಕಡ್ಡಾಯ ಬೇಡ ಅಂತ 2019ರ ಆರಂಭದಲ್ಲಿ ಪ್ರತಿಭಟನೆ ಕಂಡ ಊರು. ಹೆಲ್ಮೆಟ್ಟಿನ ವಿಷಯದಲ್ಲಿ ಮಾತ್ರ ನಾನು ಪೂರ್ತಿ ಪುಣೇಕರನಾಗಿದ್ದೆ.

ಅವನು ಇಂದಿಗೂ ನನ್ನನ್ನು ಬೈದಿಲ್ಲ. "ಸೌಂಡ್ ಮಾತ್ರ ಖಡಕ್ ಇತ್ತು ಬಿಡಪಾ" ಅಂದ, ಆಸ್ಪತ್ರೆಯಲ್ಲಿ.

ಆಮೇಲೆ ಎರಡು ಹೊಸ ಟೈರು, ಹೊಸ ಬ್ರೇಕ್ ಪ್ಯಾಡು, ಚೈನ್ ಸೆಟ್ಟು, ಹಿಂದೆ ಕೂರುವವನಿಗೂ ಒಂದು ಹೆಲ್ಮೆಟ್ ಆಯಿತು. ಈ ದುಡ್ಡನ್ನು ಟ್ಯೂಷನ್ ಹೇಳಿ ಗಳಿಸಿದೆ. ಈಗ ಗಾಡಿ ತಿರುವಿನಲ್ಲಿ ಹೇಳಿದ ಕಡೆ ಬಾಗುತ್ತದೆ, ಒತ್ತಿದ ಕಡೆ ನಿಲ್ಲುತ್ತದೆ. ಧೈರ್ಯವಾಗಿ ತಿರುವು ತೆಗೆದುಕೊಳ್ಳುವುದರಿಂದ ಕಾತ್ರಜ್ ದಾಟುವುದಕ್ಕೆ ಮೊದಲಿಗಿಂತ ಕಡಿಮೆ ಹೊತ್ತು ಸಾಕಾಗುತ್ತಿದೆ. ಟೈರಿನಲ್ಲಿ ಗಾಳಿ ಸರಿಯಾಗಿಟ್ಟುಕೊಳ್ಳುವುದಕ್ಕಂತೂ ಹತ್ತು ರೂಪಾಯಿ ಸಾಕು. ಆದರೆ ಇವು ಯಾವುವೂ ಫರ್ಗ್ಯುಸನ್ ರಸ್ತೆಯಲ್ಲಿ ಯಾರನ್ನೂ ತಿರುಗಿಸಿ ನೋಡಿಸುವುದಿಲ್ಲ ನೋಡಿ, ಹಾಗಾಗಿ ಇವುಗಳ ಮಾತನ್ನು ನಮ್ಮ ಹುಡುಗರು ಎತ್ತುವುದೇ ಇಲ್ಲ.

ಗಾಡಿಗೆ ಕಂಪನಿಯ ಸೈಲೆನ್ಸರನ್ನೇ ಮತ್ತೆ ಹಾಕಿಸಿದ್ದೇನೆ. ಕಿತ್ತದ್ದು ಮಂಚದ ಕೆಳಗಿದೆ. ಮೊನ್ನೆ ಫಸ್ಟ್ ಇಯರಿನ ಹುಡುಗನೊಬ್ಬ ಕೇಳಿಕೊಂಡು ಬಂದ, 1,500 ಕೊಡುತ್ತೇನೆ ಅಂದ. ದುಡ್ಡು ಬೇಕಿತ್ತು, ಇಲ್ಲ ಅನ್ನುವುದಿಲ್ಲ. ಕೆಳಗೆ ಹೋಗಿ ಅವನ ಗಾಡಿಯ ಟೈರು ನೋಡಿದೆ. ಸೈಲೆನ್ಸರ್ ಇನ್ನೂ ಮಂಚದ ಕೆಳಗೇ ಇದೆ.