ಉದ್ರಿ ಕೊಡುವಾಗ ನೋಡಬೇಕಾದುದು ಮುಖವೋ, ಖಾತೆಯೋ?

ಉದ್ರಿ ವ್ಯಾಪಾರದಲ್ಲಿ ಹೊಸ ಗಿರಾಕಿಯ ಯೋಗ್ಯತೆ ಬಹುಮಟ್ಟಿಗೆ ಮೊದಲ ಭೇಟಿಯಲ್ಲಿಯೇ ನಿರ್ಧಾರವಾಗಿಬಿಡುತ್ತದೆ. ಶುಭ್ರವಾದ ಉಡುಪು, ವಿನಯದ ಮಾತು, ಅಂಗಡಿಯ ಮುಂದೆ ನಿಂತ ಕಾರು, ಇಷ್ಟಿದ್ದರೆ ಹಣಕಾಸಿನ ಪ್ರಾಮಾಣಿಕತೆಯೂ ಇದೆಯೆಂದೇ ಭಾವಿಸಲಾಗುತ್ತದೆ. ಒಂದು ಗುಣದ ಪ್ರಭೆ ಉಳಿದ ಗುಣಗಳ ಮೇಲೂ ಬೀಳುವ ಈ ದೋಷವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿಯೇ ಗುರುತಿಸಿದ್ದರು. ಸೇನಾಧಿಕಾರಿಗಳು ಕೈಕೆಳಗಿನವರಿಗೆ ಅಂಕ ನೀಡುವಾಗ, ದೇಹದಾರ್ಢ್ಯದಲ್ಲಿ ಮೇಲೆಂದು ಕಂಡವರಿಗೆ ಬುದ್ಧಿ, ನಾಯಕತ್ವಗಳಲ್ಲಿಯೂ ಮೇಲಿನ ಅಂಕಗಳೇ ದೊರೆಯುತ್ತಿದ್ದವು.

ಬಾಕಿ ವಸೂಲಿಯಲ್ಲಿ ಇದಕ್ಕೆ ವಿರುದ್ಧವಾದ ತಪ್ಪು ನಡೆಯುತ್ತದೆ. ಗಿರಾಕಿಯ ಹಣ ತಡವಾದರೆ ಆತ ಮೋಸಗಾರ. ತಾನು ಸರಬರಾಜುದಾರನಿಗೆ ಕೊಡಬೇಕಾದುದು ತಡವಾದರೆ ಮಾತ್ರ ‘ಮಾರುಕಟ್ಟೆಯಲ್ಲಿ ಹಣವೇ ಓಡಾಡುತ್ತಿಲ್ಲ’! ಅನ್ಯರ ನಡತೆಗೆ ಅವರ ಸ್ವಭಾವವನ್ನೇ ಕಾರಣವಾಗಿಸಿ ಪರಿಸ್ಥಿತಿಯನ್ನು ಕಡೆಗಣಿಸುವ ಪ್ರವೃತ್ತಿಯನ್ನು ಲೀ ರಾಸ್ 1977ರಲ್ಲಿ ಕಾರಣಾರೋಪಣೆಯ ಮೂಲದೋಷವೆಂದು ಕರೆದರು. ದುಡುಕಿ ವಕೀಲರ ನೋಟೀಸು ಕಳುಹಿಸಿ, ಎರಡು ತಲೆಮಾರಿನ ವ್ಯವಹಾರವನ್ನೇ ಕಳೆದುಕೊಂಡವರುಂಟು. ಮುಖ ನೋಡಿ ನಂಬಿ ಮುಳುಗಿದವರಂತೂ ಹೇರಳ.

ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಸಲ್ಲಬೇಕಾದ ಹಣಕ್ಕೆ, ಲಿಖಿತ ಒಪ್ಪಂದವಿದ್ದರೂ 45 ದಿನಗಳಿಗಿಂತ ಹೆಚ್ಚಿನ ಅವಧಿಯನ್ನು 2006ರ ಕಾಯ್ದೆ ಒಪ್ಪುವುದಿಲ್ಲ. ಕಾಯ್ದೆಯ ಮೊರೆಹೋಗುವುದು ಕಡೆಯ ಮಾತು. ಅದಕ್ಕೆ ಮೊದಲು ಕಳೆದ 12 ತಿಂಗಳ ಖಾತೆಯನ್ನು ತೆರೆದು, ಪ್ರತಿ ಬಿಲ್ಲಿನ ದಿನಾಂಕಕ್ಕೂ ಹಣ ಜಮೆಯಾದ ದಿನಾಂಕಕ್ಕೂ ಇರುವ ಅಂತರವನ್ನು ಬರೆದಿಡುವುದು ಲೇಸು. ತಡ ಮಾಡುವುದು ಗಿರಾಕಿಯ ಅಭ್ಯಾಸವೋ, ಈ ಬಾರಿಯ ಸಂಕಟವೋ ಎಂಬುದು ಅಲ್ಲಿ ತಿಳಿಯುತ್ತದೆ. ಹೊಸಬರ ವಿಷಯದಲ್ಲಿ ಅಂತಹ ಖಾತೆಯೇ ಇರದು. ಅವರಿಗೆ ಮೊದಲ ಬಿಲ್ಲಿನ ಹಣ ಬರುವವರೆಗೆ ಎರಡನೆಯ ಉದ್ರಿ ಬೇಡ, ಕಾರು ಎಷ್ಟೇ ದೊಡ್ಡದಿರಲಿ.