ಅಕ್ಕನ ಪರ್ಮಿಟ್ ನಾನೇ

1/3
ಫೋಟೋದಾಗ ಲೈಫ್ ಜಾಕೆಟ್ ಹಾಕ್ಕೊಂಡು, ಮಾಸ್ಕ್ ಹಣೆ ಮ್ಯಾಲ ಏರಿಸಿ ನಗ್ತಿರೋಳು ನಮ್ಮ ಅಕ್ಕ. ಪಕ್ಕದಾಗ ಸಪ್ಪಗ ಕುಂತಾಂವ ನಾನು. ಬೋಟಿನಾಗ ಎರಡು ಸಲ ವಾಂತಿ ಮಾಡ್ಕೊಂಡಿದ್ದೆ, ಮುಖ ಹಂಗಾಗ್ಯದ.

ನಿನ್ನೆ ಸ್ಟೋರಿ ನೋಡಿ ಭಾಳ ಮಂದಿ "ಮಾಲ್ಡೀವ್ಸಾ?" ಅಂದ್ರಿ. ಅಲ್ರಿ. ನಮ್ಮದೇ ಭಟ್ಕಳ ತಾಲ್ಲೂಕಿನ ನೇತ್ರಾಣಿ ದ್ವೀಪ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ಸಮುದ್ರದ ಒಳಗ ಅದ. ಅಪ್ಪು ಸರ್ 'ಗಂಧದ ಗುಡಿ'ಗಾಗಿ ನೀರಿಗಿಳಿದದ್ದು ಇಲ್ಲೇ. ದ್ವೀಪದ ಮ್ಯಾಲ ಯಾರನ್ನೂ ಇಳಸಲ್ಲ, ಬೋಟ್ ಪಕ್ಕಕ್ಕ ನಿಲ್ಲಿಸಿ ನೀರಿಗೆ ಬಿಡ್ತಾರ.

"ಎಷ್ಟು ಖರ್ಚಾಯ್ತು?" ಅಂತ ಕೇಳಿದೋರಿಗೆ ಲೆಕ್ಕ ನಾಳೆ ಹಾಕ್ತೀನಿ, ಬಿಕಾಂನವ ಅಲ್ಲೇನ್ರಿ. ಇವತ್ತು ಬ್ಯಾರೆ ಮಾತು ಹೇಳೋದದ.

ಲಕ್ಷದ್ವೀಪಕ್ಕ ಹೋಗ್ಬೇಕಂದ್ರ ಸರ್ಕಾರದ ಪರ್ಮಿಟ್ ಬೇಕು, ಗೊತ್ತಲ್ಲ? ನಮ್ಮ ಅಕ್ಕಗ ನೇತ್ರಾಣಿಗೂ ಪರ್ಮಿಟ್ ಬೇಕಾಯ್ತು. ಆ ಪರ್ಮಿಟ್ ನಾನು.

ಅಕ್ಕಗ 25 ವರ್ಷ. ಕಲಬುರಗಿಯ ಒಂದು ಲ್ಯಾಬ್‌ನಲ್ಲಿ ಮೂರು ವರ್ಷದಿಂದ ಕೆಲಸ ಮಾಡ್ತಾಳ. ನನ್ನ ಕಾಲೇಜ್ ಫೀ ಕಟ್ಟಿದ್ದು ಅವಳೇ. ಒಂಬತ್ತನೇ ಕ್ಲಾಸಿನಾಗ ಇದ್ದಾಗಿಂದ ಆಕಿಗೆ ಸಮುದ್ರ ನೋಡೋ ಆಸೆ. ಕೇಳಿದಾಗೆಲ್ಲ ಮನೆಯಾಗ ಒಂದೇ ಉತ್ತರ: "ಮದ್ವಿ ಆದ್ಮ್ಯಾಲ ಗಂಡನ ಜೋಡಿ ಹೋಗಿಯಂತ." ನಾನು 18ಕ್ಕ ನಾಲ್ಕು ದೋಸ್ತರ ಜೋಡಿ ಗೋವಾಕ್ಕ ಹೋದೆ. ಯಾರೂ ಏನೂ ಕೇಳಲಿಲ್ಲ. ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಖರ್ಚಿಗೆ ರೊಕ್ಕ ಕೊಟ್ಟಾಕಿ ಮತ್ತ ಅಕ್ಕನೇ.

ಈ ಸಲ ಹೂಂ ಅಂದಿದ್ದಕ್ಕ ಕಾರಣ ಎರಡು. ಒಂದು, ಮುರ್ಡೇಶ್ವರದಾಗ ಶಿವ ಅದಾನ, 123 ಅಡಿ ಎತ್ತರದಾಂವ. ದೇವರಿಗೆ ಹೊಂಟೀವಿ ಅಂದ್ರ ಯಾರು ಬ್ಯಾಡಂತಾರ? ಎರಡು, "ತಮ್ಮ ಜೋಡಿ ಅದಾನಲ್ಲ." ರೂಮಿನ ಕೀಲಿ ತಿಂಗಳಿಗೊಮ್ಮೆ ಕಳಕೊಳ್ಳೋ ತಮ್ಮ!

2/3
ಬಸ್ಸಿನಾಗ ಇನ್ನೊಂದು ಮಜಾ ನೋಡ್ರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಅದ, ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾದಾ ಸರ್ಕಾರಿ ಬಸ್ ಫ್ರೀ. ಐನಾಪುರದಿಂದ ಕಲಬುರಗಿ, ಅಲ್ಲಿಂದ ರಾತ್ರಿಯಿಡೀ ಹುಬ್ಬಳ್ಳಿ, ಮುಂದ ಘಾಟ್ ಇಳಿದು ಮುರ್ಡೇಶ್ವರ: 500 ಕಿ.ಮೀ.ಗೂ ಜಾಸ್ತಿ ದಾರಿ, ಅಕ್ಕಂದು ಸೊನ್ನೆ ರೂಪಾಯಿ ಟಿಕೆಟ್. ರೊಕ್ಕ ಕೊಟ್ಟವನು ನಾನೊಬ್ಬನೇ, ಅಂದ್ರ ಆಕಿಯ ಪರ್ಮಿಟ್ಟಿನ ಚಾರ್ಜು. ಸರ್ಕಾರ ಬಿಟ್ರೂ ಮನಿ ಬಿಡವಲ್ದು.

ಅಪ್ಪ ಕೆಟ್ಟಾಂವ ಅಂತಲ್ಲ. ಅವನ ಅಂಜಿಕೆ ಸುಳ್ಳೂ ಅಲ್ಲ. 2024ರ ಡಿಸೆಂಬರ್‌ನಾಗ ಶಾಲೆ ಪ್ರವಾಸಕ್ಕ ಬಂದಿದ್ದ ಕೋಲಾರ ಜಿಲ್ಲೆಯ 4 ಹುಡುಗಿಯರು ಇದೇ ಮುರ್ಡೇಶ್ವರದ ಕಡಲಲ್ಲಿ ತೀರಿಕೊಂಡರು. ಆ ಸುದ್ದಿ ಅಪ್ಪ ಮರೆತಿಲ್ಲ, ನಾನೂ ಮರೆತಿಲ್ಲ.

ಆದ್ರ ಅದಕ್ಕ ನನ್ನ ಪ್ರಶ್ನೆ ಬ್ಯಾರೆ. ನಾವು ಗಂಡು ಹುಡುಗರೆಲ್ಲ ಈಜು ಎಲ್ಲಿ ಕಲ್ತೀವಿ? ಹೊಲದ ಬಾವಿಯಾಗ. ಕಾಕಾ ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ, ಸೊಂಟಕ್ಕ ಹಗ್ಗ ಬಿಗಿದು ನೂಕಿದ್ದ. ನಾನಾಗ ಎಂಟು ವರ್ಷದಾಂವ. ಅಕ್ಕ ದಂಡಿಗಿ ಕುಂತು ನಮ್ಮ ಅಂಗಿ, ಚಪ್ಪಲಿ ಕಾಯ್ತಿದ್ದಳು. "ನೀನೂ ಇಳಿ" ಅಂತ ಆಕಿಗೆ ಒಬ್ಬರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಈಜು ಕಲಿಸಲ್ಲ, ಆಮ್ಯಾಲ "ನಿನಗ ಈಜು ಬರಲ್ಲ, ನೀರಿನ ಕಡೆ ಹೋಗಬ್ಯಾಡ" ಅಂತೀವಿ. ಇದು ಯಾವ ಲೆಕ್ಕ ಹೇಳ್ರಿ?

ನಮ್ಮ ಸಂಬಂಧಿಕರೊಬ್ಬರು "ನಮ್ಮ ಕಡಿ ಮಂದಿಗೆ ಸಮುದ್ರ ಯಾಕ ಬೇಕು" ಅಂದ್ರು. ಅವರು ಕುಂತಿದ್ದು ಶಹಾಬಾದ್ ಪರಸಿ ಮ್ಯಾಲ. ಆ ಸುಣ್ಣದಕಲ್ಲು ಕೋಟ್ಯಂತರ ವರ್ಷದ ಹಿಂದೆ ಇಲ್ಲಿದ್ದ ಸಮುದ್ರದ ತಳದಾಗ ಕೂತ ಕೆಸರು. ವಾಡಿ, ಸೇಡಂನ ಸಿಮೆಂಟ್ ಎಲ್ಲಾ ಅದರದ್ದೇ. ಹೇಳಬೇಕಂದೆ, ಹೇಳಲಿಲ್ಲ. ಪರ್ಮಿಷನ್ ಕ್ಯಾನ್ಸಲ್ ಆದ್ರ?

3/3
ಬೋಟ್ ನಿಂತಾಗ ನಾನು ಮೂಲೆ ಹಿಡಿದು ಮಲಗಿದ್ದೆ. ಬಾವಿ ಈಜುಗಾರನ ಸೊಕ್ಕು ಅಲ್ಲೇ ಇಳೀತು. ಟ್ರೇನರ್ ಅಕ್ಕಗ ಮೂಗಲ್ಲ, ಬಾಯಿಂದ ಉಸಿರಾಡೋದು ಹೇಳಿಕೊಟ್ಟ. ಕೊಳವೆ ಕಚ್ಚಿಕೊಂಡು, ಏಣಿ ಗಟ್ಟಿ ಹಿಡಿದು ಆಕಿ ಐದು ನಿಮಿಷ ಹಂಗೇ ನಿಂತಳು. ನಡುವ ಒಂದು ಸಲ ಉಪ್ಪು ನೀರು ಕುಡಿದು ಕೆಮ್ಮಿ ಮ್ಯಾಲ ಬಂದಳು. ಮುಗೀತು ಇನ್ನ ಅನ್ಕೊಂಡೆ. ಮತ್ತ ಮುಖ ನೀರಾಗ ಇಟ್ಟಳು, ಏಣಿ ಬಿಟ್ಟಳು.

ಆಮ್ಯಾಲ ಕರೆದ್ರೂ ಓಗೊಡಲಿಲ್ಲ. ಕಿವಿ ನೀರಾಗ ಇದ್ದವಲ್ಲ.

ನಾನೂ ಇಳಿದೆ. ಕೆಳಗ ಹಳದಿ ಪಟ್ಟಿ ಮೀನು, ನೀಲಿ ಮೀನು, ಬಂಡೆಗೆ ಅಂಟಿದ ಹವಳ. ಹವಳ ಕಲ್ಲಲ್ಲ, ಜೀವ. ಹೋದ್ರ ಅದರ ಮ್ಯಾಲ ಕಾಲಿಡಬ್ಯಾಡ್ರಿ, ಮುರಕೊಂಡು ತರಬ್ಯಾಡ್ರಿ. ಅಕ್ಕ ನನ್ನ ಕೈ ಹಿಡಿದು ಒಂದೊಂದೇ ತೋರಿಸಿದಳು. ಯಾರು ಯಾರನ್ನ ಕರಕೊಂಡು ಬಂದಿದ್ದು ಅನ್ನೋದು ಅಲ್ಲಿ ಗೊತ್ತಾಗಲಿಲ್ಲ.

ಸಂಜೀಗೆ ಮೀನು. ಚಂದ್ರಂಪಳ್ಳಿ ಡ್ಯಾಮಿನ ಮೀನು ತಿಂದು ಬೆಳೆದೋರು ನಾವು. ಇಲ್ಲಿ ಬಂಗಡೆ ಫ್ರೈ, ಸಿಗಡಿ, ಕೊಬ್ಬರಿ ಅರೆದ ಸಾರು, ಕುಚ್ಚಲಕ್ಕಿ ಅನ್ನ. ಅಕ್ಕ ಬಂಗಡೆ ಮೂರು ತಿಂದಳು. ಹೋಟೆಲ್ ಹುಡುಗ ಬಿಲ್ ತಂದು ನನ್ನ ಮುಂದಿಟ್ಟ. ರೂಮಿನಾಗೂ ಹಂಗೇ, ಹೆಸರು, ನಂಬರ್ ಎಲ್ಲಾ ನನ್ನನ್ನೇ ಕೇಳಿದ್ರು. ಅಕ್ಕ ಏನೂ ಅನ್ನಲಿಲ್ಲ, ಬಿಲ್ ಎಳಕೊಂಡು ಫೋನ್‌ಪೇ ಮಾಡಿದಳು.

ಈಗ ನಿಮಗ ಕೇಳ್ತೀನಿ, ವಿಶೇಷವಾಗಿ ಕ್ಲಾಸಿನ ಹುಡುಗರಿಗೆ. ಮುಂದಿನ ಟ್ರಿಪ್ ಪ್ಲ್ಯಾನ್ ಮಾಡೋವಾಗ ನಿಮ್ಮ ಅಕ್ಕಗ, ತಂಗಿಗೆ ಒಂದು ಸಲ ಕೇಳಿದ್ದೀರೇನು? ನಾನು ಎರಡು ವರ್ಷ ಕೇಳಿರಲಿಲ್ಲ. ಪರ್ಮಿಟ್ ಆಗಿ ಹೋಗೋದು ನನಗೂ ನಾಚಿಕೆ ಅನಿಸ್ತದ, ಆದ್ರ ಈಗಿನ ಮಟ್ಟಿಗೆ ಆ ಪರ್ಮಿಟ್ ನಮ್ಮ ಕಿಸೆಯಾಗ ಸುಮ್ನೆ ಬಿದ್ದದ, ಬಳಸ್ರಿ. ಬಾವಿ ಇದ್ದೋರು ಈ ಬ್ಯಾಸಿಗ್ಯಾಗ ತಂಗಿಗೂ ಡಬ್ಬಿ ಕಟ್ರಿ.

ಮುಂದಿನ ತಿಂಗಳು ಅಕ್ಕನ ನೋಡಾಕ ಬರ್ತಾರ. ಬಸ್ಸಿನಾಗ ವಾಪಸ್ ಬರ್ತಾ ಅಂದಳು: "ತಮ್ಮಾ, ಹುಡುಗಗ ಈಜು ಬರ್ತದೇನು, ಮೊದಲ ಕೇಳು."

ಮರೆತಿದ್ದೆ: ಜೂನ್‌ನಾಗ ಹೋಗೋ ಪ್ಲ್ಯಾನ್ ಹಾಕಬ್ಯಾಡ್ರಿ. ಮಳೆಗಾಲದಾಗ ಬೋಟ್ ಬಿಡಲ್ಲ.