ಹೊಳೆಯುವ ಪ್ಯಾನ್ ಬೇಕೆ, ಸೋರದ ಪ್ಯಾನ್ ಬೇಕೆ?

ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಬಿಚ್ಚಿ ಮತ್ತೆ ಹೊಸದರಂತೆ ಕಟ್ಟುವ ವಿಡಿಯೋಗಳನ್ನು ನಮ್ಮಲ್ಲಿ ಹಲವರು ನೋಡುತ್ತೇವೆ. ಇಂಜಿನ್, ಬಣ್ಣ, ಸೈಲೆನ್ಸರ್ ಬಗ್ಗೆ ಕೊನೆಯ ಬೆಂಚಿನಲ್ಲಿ ಚರ್ಚೆಯೂ ನಡೆಯುತ್ತದೆ. ಆದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ತಳದಲ್ಲಿ, ಯಾರ ಕಣ್ಣಿಗೂ ಬೀಳದೆ ಕೂತಿರುವ ಟ್ರಾನ್ಸ್‌ಮಿಷನ್ ಪ್ಯಾನ್ ಬಗ್ಗೆ ಯಾರೂ ಮಾತಾಡುವುದಿಲ್ಲ. ಗೇರ್‌ಬಾಕ್ಸಿನ ಆಯಿಲ್ ಬಂದು ನಿಲ್ಲುವ ತಟ್ಟೆ ಅದು. ಅದನ್ನು ಆರಿಸುವ ರೀತಿಯಲ್ಲಿ ನಾವು ಕಲಿಯಬೇಕಾದದ್ದು ಇದೆ ಎಂಬುದು ನನ್ನ ಅಭಿಪ್ರಾಯ.

ನನ್ನ ಮಾಮ ಶಾರ್ಜಾದ ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಮೆಕ್ಯಾನಿಕ್. ಈಗ ಅವರ ಕೈಯಲ್ಲಿರುವುದು 1979ರ ಷೆವರ್ಲೆ ಕಾರ್ವೆಟ್. ಅಮೆರಿಕದಲ್ಲಿ ಆ ವರ್ಷ 53,807 ಕಾರ್ವೆಟ್‌ಗಳು ತಯಾರಾಗಿದ್ದವು. 5.7 ಲೀಟರ್‌ನ ವಿ8 ಇಂಜಿನ್, ಹಿಂದೆ ಟರ್ಬೊ ಹೈಡ್ರಾಮ್ಯಾಟಿಕ್ 350 ಎಂಬ ಮೂರು ಗೇರಿನ ಆಟೋಮ್ಯಾಟಿಕ್. ಅದರ ಪ್ಯಾನ್ 13 ಬೋಲ್ಟುಗಳಿಂದ ಕೂರುತ್ತದೆ. ಹಳೆಯ ಪ್ಯಾನ್ ತುಕ್ಕು ಹಿಡಿದಿದೆ, ಹೊಸದು ಬೇಕು. ಕಾರಿನ ಮಾಲೀಕರಿಗೆ ಇಷ್ಟವಾದದ್ದು ಪಾಲಿಶ್ ಮಾಡಿದ, ಕೆಳಗೆ ಸಾಲು ಸಾಲು ರೆಕ್ಕೆಗಳಿರುವ, ಆಳವಾದ ಅಲ್ಯೂಮಿನಿಯಂ ಎರಕದ ಪ್ಯಾನ್. ಮಾಮ ಹೇಳುವುದು ಮೊದಲಿನ ಅಳತೆಯ ಸಾದಾ ಸ್ಟೀಲ್ ಪ್ಯಾನ್ ಸಾಕು ಎಂದು. ನಾನು ಮಾಮನ ಕಡೆ. ಸಂಬಂಧಿ ಎಂಬ ಕಾರಣಕ್ಕಲ್ಲ. ಅವರ ಮಾತಿಗೆ ನಮ್ಮ ಪ್ರಥಮ ಪಿಯುಸಿ ಭೌತಶಾಸ್ತ್ರದ ಪುಸ್ತಕವೇ ಸಾಕ್ಷಿ ಹೇಳುತ್ತದೆ.

ಅಲ್ಯೂಮಿನಿಯಂ ಪ್ಯಾನಿನ ಪರವಾಗಿ ಮಾರುವವರು ಹೇಳುವ ಮೊದಲ ಮಾತು, ಅದು ಆಯಿಲನ್ನು ತಂಪಾಗಿಡುತ್ತದೆ ಎಂಬುದು. ಪುಸ್ತಕದ ಕೋಷ್ಟಕ ನೋಡಿದರೆ ಮಾತು ನಿಜವೆನಿಸುತ್ತದೆ. ಅಲ್ಯೂಮಿನಿಯಂನ ಉಷ್ಣವಾಹಕತೆ ಸುಮಾರು 205, ಉಕ್ಕಿನದು ಸುಮಾರು 50. ನಾಲ್ಕು ಪಟ್ಟು! ಆದರೆ ಆಯಿಲ್ ನಾಲ್ಕು ಪಟ್ಟು ಬೇಗ ತಣ್ಣಗಾಗುತ್ತದೆಯೇ? ಇಲ್ಲ. ಬಿಸಿ ಮೊದಲು ಆಯಿಲಿನಿಂದ ಲೋಹಕ್ಕೆ, ಆಮೇಲೆ ಲೋಹವನ್ನು ದಾಟಿ ಹೊರಗಿನ ಗಾಳಿಗೆ ಹೋಗಬೇಕು. ಸ್ಟೀಲ್ ಪ್ಯಾನ್ ತೆಳ್ಳನೆಯ ತಗಡು. ಅದನ್ನು ದಾಟುವುದು ಬಿಸಿಗೆ ಕಷ್ಟವೇ ಅಲ್ಲ. ಕಷ್ಟವಿರುವುದು ಲೋಹದಿಂದ ಗಾಳಿಗೆ ಜಿಗಿಯುವ ಕೊನೆಯ ಹೆಜ್ಜೆಯಲ್ಲಿ. ಅಲ್ಲಿ ಲೋಹ ಯಾವುದೆಂಬುದಕ್ಕಿಂತ ಎಷ್ಟು ಮೇಲ್ಮೈ ಇದೆ, ಎಷ್ಟು ಗಾಳಿ ಬೀಸುತ್ತದೆ ಎಂಬುದೇ ಮುಖ್ಯ. ರೆಕ್ಕೆಗಳು ಮೇಲ್ಮೈಯನ್ನು ಹೆಚ್ಚಿಸುತ್ತವೆ, ಒಪ್ಪೋಣ. ಆದರೆ ಇಂಜಿನ್ ಮತ್ತು ಎಕ್ಸಾಸ್ಟ್ ಪೈಪುಗಳನ್ನು ಸವರಿಕೊಂಡು ಬರುವ ಗಾಳಿ ಮೊದಲೇ ಬಿಸಿಯಾಗಿರುತ್ತದೆ. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಶಾರ್ಜಾದ ಟ್ರಾಫಿಕ್ಕಿನಲ್ಲಿ ಕಾರು ನಿಂತಿದ್ದರೆ ಆ ಗಾಳಿಯೂ ಇಲ್ಲ.

ಇನ್ನೊಂದು ಮಾತು. ಈ ಬಿಸಿಯ ಬಹುಪಾಲು ಹುಟ್ಟುವುದು ಟಾರ್ಕ್ ಕನ್ವರ್ಟರಿನಲ್ಲಿ. ಅಲ್ಲಿಂದ ಆಯಿಲ್ ರೇಡಿಯೇಟರಿನೊಳಗಿನ ಕೂಲರಿಗೆ ಹೋಗಿ, ತಣಿದು, ಗೇರುಗಳಿಗೆ ಹರಿದು, ಕೊನೆಗೆ ಪ್ಯಾನಿಗೆ ಬೀಳುತ್ತದೆ. ಅಂದರೆ ತಣಿಸುವ ಕೆಲಸ ಮುಖ್ಯವಾಗಿ ಕೂಲರಿನದು. ಬಿಸಿಯೇ ಸಮಸ್ಯೆಯಾದರೆ ರೇಡಿಯೇಟರಿನ ಮುಂದೆ ಒಂದು ಹೆಚ್ಚುವರಿ ಕೂಲರ್ ಹಾಕಬೇಕು. ಜ್ವರ ಬಂದವನಿಗೆ ಹೊಸ ಅಂಗಿ ಹೊಲಿಸಿದರೆ ಜ್ವರ ಇಳಿಯುತ್ತದೆಯೇ?

ಆಳವಾದ ಪ್ಯಾನಿನಲ್ಲಿ ಒಂದರಿಂದ ಎರಡು ಲೀಟರ್ ಹೆಚ್ಚು ಆಯಿಲ್ ಹಿಡಿಯುತ್ತದೆ. ಆಯಿಲ್ ಹೆಚ್ಚಿದ್ದರೆ ಬಿಸಿಯಾಗಲು ಹೆಚ್ಚು ಸಮಯ ಬೇಕು, ಅದು ಲಾಭವೇ. ಆದರೆ ಅದರ ಜೊತೆ ಫಿಲ್ಟರನ್ನೂ ಕೆಳಕ್ಕಿಳಿಸುವ ತುಂಡು ಹಾಕಬೇಕು. ಹಾಕದಿದ್ದರೆ ತಳದ ಹೆಚ್ಚುವರಿ ಆಯಿಲ್ ಬಾವಿಯ ತಳದಲ್ಲಿ ನೀರಿದ್ದೂ ಹಗ್ಗ ಗಿಡ್ಡವಾದಂತೆ. ಅದಕ್ಕಿಂತ ದೊಡ್ಡ ತೊಂದರೆ ಎತ್ತರದ್ದು. ಕಾರ್ವೆಟ್ ಮೊದಲೇ ನೆಲಕ್ಕೆ ಅಂಟಿಕೊಂಡ ಕಾರು. ಪ್ಯಾನ್ ಕೆಳಗೆ ಜೋತಷ್ಟೂ ಹಂಪ್‌ಗೆ ಹತ್ತಿರ. ಸ್ಟೀಲ್ ಪ್ಯಾನಿಗೆ ಹಂಪ್ ಬಡಿದರೆ ಸಾಮಾನ್ಯವಾಗಿ ನೆಗ್ಗುತ್ತದೆ. ಕಾರು ಮನೆ ಸೇರಬಹುದು. ಎರಕದ ಅಲ್ಯೂಮಿನಿಯಂ ಸೀಳುತ್ತದೆ. ಆಯಿಲೆಲ್ಲ ರಸ್ತೆಗೆ ಚೆಲ್ಲಿ ಕಾರು ಅಲ್ಲೇ ನಿಲ್ಲುತ್ತದೆ.

ಹಾಗೆಂದು ಎರಕದ ಪ್ಯಾನ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದರ ಅಂಚು ದಪ್ಪ, ಬಾಗುವುದಿಲ್ಲ, ಗ್ಯಾಸ್ಕೆಟ್ ಸಮನಾಗಿ ಕೂರುತ್ತದೆ. ಸಮತಟ್ಟಾದ ರೇಸ್ ಟ್ರ್ಯಾಕಿನಲ್ಲಿ, ಗಂಟೆಗಟ್ಟಲೆ ಇಂಜಿನ್ನನ್ನು ದಣಿಸುವ ಕಾರಿಗೆ ಅದು ಸರಿಯಾದ ಆಯ್ಕೆ. ಊರೊಳಗೆ, ಶುಕ್ರವಾರ ಸಂಜೆ ಮನೆಮಂದಿಯನ್ನು ಕೂರಿಸಿಕೊಂಡು ಸಮುದ್ರದ ದಂಡೆಗೆ ಹೋಗುವ ಕಾರಿಗಲ್ಲ.

ಸಾದಾ ಪ್ಯಾನ್ ಎಂದರೆ ಯಾವುದಾದರೂ ಸರಿ ಎಂದೂ ಅಲ್ಲ. ಅಂಚು ನೇರವಾಗಿದೆಯೇ ಎಂದು ಗಾಜಿನ ಮೇಲಿಟ್ಟು ನೋಡಬೇಕು. ಡ್ರೈನ್ ಪ್ಲಗ್ ಇರುವಂಥದ್ದನ್ನೇ ಕೊಳ್ಳಬೇಕು. ಈ ಕಾರಿನ ಮೂಲ ಪ್ಯಾನಿಗೆ ಅದಿಲ್ಲ. ಆಯಿಲ್ ಬದಲಿಸಲು ಪ್ರತಿ ಸಲ ಬೋಲ್ಟುಗಳನ್ನೆಲ್ಲ ಬಿಚ್ಚಿ ತಲೆಯ ಮೇಲೆ ಆಯಿಲ್ ಸುರಿಸಿಕೊಳ್ಳಬೇಕು. ತಳದಲ್ಲಿ ಒಂದು ಪುಟ್ಟ ಅಯಸ್ಕಾಂತ ಇಡಬೇಕು. ಅದು ಸ್ಟೀಲಿಗೆ ತಾನಾಗಿ ಅಂಟುತ್ತದೆ, ಅಲ್ಯೂಮಿನಿಯಂಗೆ ಅಂಟುವುದಿಲ್ಲ. ಮುಂದಿನ ಸಲ ಬಿಚ್ಚಿದಾಗ ಅದರ ಮೇಲೆ ಬೂದು ಬಣ್ಣದ ನುಣುಪಾದ ಲೇಪ ಕಂಡರೆ ಸಹಜ ಸವೆತ. ಲೋಹದ ಚೂರುಗಳು ಕಂಡರೆ ಒಳಗೆ ಏನೋ ಮುರಿಯುತ್ತಿದೆ ಎಂದರ್ಥ. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ, ಸುಮಾರು 16 ನ್ಯೂಟನ್ ಮೀಟರಿನಷ್ಟು ಮಾತ್ರ ಬಿಗಿಯಬೇಕು. ಶಕ್ತಿ ತೋರಿಸಿದರೆ ಅಂಚು ಬಾಗಿ ಸೋರುತ್ತದೆ.

ಈ ಸೋರಿಕೆಯ ಲೆಕ್ಕ ಯಾರ ಖಾತೆಗೆ ಎಂಬುದೇ ನನ್ನನ್ನು ಬರೆಯಲು ಹಚ್ಚಿದ್ದು. ಪ್ಯಾನ್ ಆರಿಸುವವರು ಮಾಲೀಕರು. ಅದು ಸೋರಿದರೆ, ಸೀಳಿದರೆ "ಮೆಕ್ಯಾನಿಕ್ ಸರಿಯಾಗಿ ಹಾಕಿಲ್ಲ" ಎನ್ನುತ್ತಾರೆ. ಮಾಮ ಮತ್ತೆ ಕಾರಿನಡಿ ಮಲಗಿ, ಆ ಸೆಕೆಯಲ್ಲಿ, ಕೂಲಿಯಿಲ್ಲದೆ ಅದೇ ಕೆಲಸ ಮಾಡಬೇಕು. ಹೊಳಪಿಗೆ ಹಣ ಕೊಡುವವರು ಒಬ್ಬರು, ಅದರ ದಂಡ ತೆರುವವರು ಇನ್ನೊಬ್ಬರು. ನಮ್ಮೂರಿನಲ್ಲೂ ಅಷ್ಟೇ. ಬೈಕಿಗೆ ಕಂಪನಿಯ ಸೈಲೆನ್ಸರ್ ತೆಗೆಸಿ ಬೇರೆ ಹಾಕಿಸುವ ಗೆಳೆಯರು, ಮೈಲೇಜ್ ಇಳಿದಾಗ ಬೈಯುವುದು ಮೆಕ್ಯಾನಿಕ್ ಅಣ್ಣನನ್ನೇ.

ಆದ್ದರಿಂದ ನನ್ನ ವಿನಂತಿ ಎರಡು. ಗೆಳೆಯರೇ, ಯಾವುದೇ ಭಾಗ ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳೋಣ: ಇದು ಮಾಡಬೇಕಾದ ಕೆಲಸವೇನು? ನಮ್ಮ ಗಾಡಿ ಓಡುವ ರಸ್ತೆ ಯಾವುದು? ಕೆಟ್ಟರೆ ರಿಪೇರಿ ಮಾಡುವವರು ಯಾರು? ಉತ್ತರ ಗೊತ್ತಿಲ್ಲದಿದ್ದರೆ ಅಂಗಡಿಯವರನ್ನಲ್ಲ, ಬೋಲ್ಟ್ ಬಿಗಿಯುವವರನ್ನು ಕೇಳೋಣ. ಎರಡನೆಯದು ಅಧ್ಯಾಪಕರಲ್ಲಿ: ನಮ್ಮ ವಿಜ್ಞಾನ ಸಂಘದ ಒಂದು ಕಾರ್ಯಕ್ರಮಕ್ಕೆ ಊರಿನ ಒಬ್ಬ ಹಿರಿಯ ಮೆಕ್ಯಾನಿಕ್‌ರನ್ನು ಅತಿಥಿಯಾಗಿ ಕರೆಯಿರಿ. ಉಷ್ಣವಾಹಕತೆಯ ಕೋಷ್ಟಕ ನಮಗೆ ಬಾಯಿಪಾಠವಾಗಿದೆ. ಅದು ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದನ್ನು ಅವರಿಂದ ಕೇಳುವ ಆಸೆ ನನಗಿದೆ.